ಐಬಿಲ್ಲದ ಹರಳು ಎಲ್ಲಿದೆ?

ಒಂದು ಮೀಟರ್ ಉದ್ದದ ಶುದ್ಧ ಅಲ್ಯೂಮಿನಿಯಂ ಸರಳನ್ನು ಕುಲುಮೆಯಲ್ಲಿಟ್ಟು ನಿಧಾನವಾಗಿ ಕಾಯಿಸುತ್ತ ಹೋಗಿ. 660 ಡಿಗ್ರಿ ಸೆಲ್ಸಿಯಸ್‌ಗೆ ಅದು ಕರಗುತ್ತದೆ. ಅದಕ್ಕೆ ಒಂದೆರಡು ಡಿಗ್ರಿ ಮೊದಲೇ ನಿಲ್ಲಿಸಿ ಅಳೆದರೆ ಸರಳು ಹೆಚ್ಚುಕಡಿಮೆ 18 ಮಿಲಿಮೀಟರಿನಷ್ಟು ಹಿಗ್ಗಿರುತ್ತದೆ. ಕಾದ ಲೋಹ ಹಿಗ್ಗುತ್ತದೆ ಎಂಬುದು ಹೈಸ್ಕೂಲಿನ ಪಾಠ. ರೈಲು ಹಳಿಗಳ ನಡುವೆ ಸಂದು ಬಿಡುವ ಉದಾಹರಣೆ ನಮಗೆಲ್ಲ ಬಾಯಿಪಾಠ. ಬಿಸಿ ಏರಿದಂತೆ ಪರಮಾಣುಗಳ ಕಂಪನ ಜೋರಾಗುತ್ತದೆ, ಅವು ಒಂದಕ್ಕೊಂದು ತುಸು ದೂರ ಸರಿಯುತ್ತವೆ, ಸರಳು ಉದ್ದವಾಗುತ್ತದೆ. ಈಗ ಅದೇ ಬಿಸಿಯಲ್ಲಿ ಸರಳಿಗೆ ಎಕ್ಸ್-ಕಿರಣ ಹಾಯಿಸಿ, ಪರಮಾಣುಗಳ ಸಾಲುಗಳ ನಡುವಿನ ಅಂತರ ಎಷ್ಟು ಹೆಚ್ಚಿದೆ ಎಂದು ನೋಡಿ. ಆ ಲೆಕ್ಕದಂತೆ ಸರಳು ಎಷ್ಟು ಉದ್ದವಾಗಬೇಕಿತ್ತೋ ಅದಕ್ಕಿಂತ ನಿಜವಾಗಿ ಆದದ್ದು ಸ್ವಲ್ಪ ಜಾಸ್ತಿ. ಸುಮಾರು 0.3 ಮಿಲಿಮೀಟರಿಗೆ ಲೆಕ್ಕ ಸಿಗುವುದಿಲ್ಲ.

ಸಿಗದ ಲೆಕ್ಕಕ್ಕೆ ವಿವರಣೆ ಇಷ್ಟೇ: ಸರಳಿನ ಒಳಗೆ ಪರಮಾಣುಗಳು ಇರಬೇಕಾದ ಎಷ್ಟೋ ಕಡೆ ಇಲ್ಲ. ತಮ್ಮ ಸ್ಥಾನ ಬಿಟ್ಟೆದ್ದು ಮೇಲ್ಮೈಗೆ ಹೋಗಿ ನೆಲೆಸಿವೆ. ಪರಮಾಣುಗಳ ಸಂಖ್ಯೆ ಇದ್ದಷ್ಟೇ ಇದೆ, ಸ್ಥಾನಗಳ ಸಂಖ್ಯೆ ಹೆಚ್ಚಿದೆ, ಸರಳು ಅಷ್ಟರಮಟ್ಟಿಗೆ ಬೆಳೆದಿದೆ. ಸಾಲುಗಳ ಅಂತರವನ್ನಷ್ಟೇ ನೋಡುವ ಎಕ್ಸ್-ಕಿರಣಕ್ಕೆ ಈ ಹೊಸ ಸ್ಥಾನಗಳ ಸುಳಿವು ಹತ್ತುವುದಿಲ್ಲ. ಕರಗುವ ಹೊತ್ತಿಗೆ ಅಲ್ಯೂಮಿನಿಯಂನಲ್ಲಿ ಹತ್ತಿರ ಹತ್ತಿರ ಸಾವಿರಕ್ಕೊಂದು ಸ್ಥಾನ ಖಾಲಿ. ಲೋಹ ಎಷ್ಟು ಶುದ್ಧ, ಅದರ ಪರಮಾಣುಗಳು ಸಾಲುಗಟ್ಟಿದ ಹರಳನ್ನು ಎಷ್ಟು ನಾಜೂಕಾಗಿ ಬೆಳೆಸಲಾಗಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹೇಗೋ ಮಾಡಿ ಒಂದೂ ಖಾಲಿ ಸ್ಥಾನವಿಲ್ಲದ ಹರಳನ್ನು ತಂದು ಆ ಬಿಸಿಯಲ್ಲಿಟ್ಟರೂ ಅದು ತಾನಾಗಿ ಸಾವಿರಕ್ಕೊಂದು ಸ್ಥಾನವನ್ನು ಖಾಲಿ ಮಾಡಿಕೊಳ್ಳುತ್ತದೆ.

ಹರಳಿನ ಐಬು ಎಂದರೆ ಏನೋ ಕೈತಪ್ಪು ಎಂಬ ಭಾವನೆ ನಮ್ಮಲ್ಲಿದೆ. ರತ್ನ ಕೊಳ್ಳುವವರು ಭೂತಗನ್ನಡಿ ಹಿಡಿದು ಹುಡುಕುವುದು ಅದನ್ನೇ. ಆದರೆ ಹರಳಿನಲ್ಲಿ ಎರಡು ಜಾತಿಯ ಐಬುಗಳಿವೆ. ಕೆಲವು ಉಷ್ಣಕ್ಕೆ ಸಲ್ಲಲೇಬೇಕಾದವು. ಇಷ್ಟು ಬಿಸಿಗೆ ಇಷ್ಟು ಎಂದು ನಿಗದಿಯಾದವು. ತೆಗೆದುಹಾಕಿದರೂ ಮತ್ತೆ ಬರುವಂಥವು. ಉಳಿದವು ಆ ಹರಳು ಹಾದು ಬಂದ ದಾರಿಯಲ್ಲಿ ಅಂಟಿಸಿಕೊಂಡವು, ಅಂದರೆ ಬಡಿತ, ಎಳೆತ, ತಟ್ಟನೆ ತಣಿಸಿದ್ದು, ಭೂಗರ್ಭದಲ್ಲಿ ಕಳೆದ ಕಾಲ. ಮೊದಲನೆಯದು ನಿಯಮ, ಎರಡನೆಯದು ಚರಿತ್ರೆ. ಲೋಹಶಾಸ್ತ್ರದ ಬಹುಪಾಲು ಚಮತ್ಕಾರಗಳೆಲ್ಲ ಇವೆರಡರ ನಡುವಿನ ಕೊಡುಕೊಳ್ಳುವಿಕೆಯೇ ಎಂಬುದು ನನ್ನ ಅನಿಸಿಕೆ.

ದುಬಾರಿಯಾದರೂ ಲಾಭ

1926ರಲ್ಲಿ ಸೋವಿಯತ್ ಭೌತವಿಜ್ಞಾನಿ ಯಾಕೊವ್ ಫ್ರೆಂಕೆಲ್ ಒಂದು ಸರಳ ಪ್ರಶ್ನೆಯನ್ನು ಬೆನ್ನುಹತ್ತಿದರು. ಘನವಸ್ತುವಿನ ಮೇಲ್ಮೈಯಿಂದ ಪರಮಾಣುಗಳು ಆವಿಯಾಗಿ ಹೊರಗೆ ಹೋಗಬಹುದಾದರೆ, ಒಳಗಿನ ಪರಮಾಣು ತನ್ನ ಸ್ಥಾನದಿಂದ ಕಿತ್ತುಕೊಂಡು ಪಕ್ಕದ ಸಂದಿಗೆ ಏಕೆ ಹೋಗಬಾರದು? ಹಾಗೆ ಹೋದಾಗ ಹಿಂದೆ ಒಂದು ಖಾಲಿ ಸ್ಥಾನ, ಮುಂದೆ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಪರಮಾಣು. ಈ ಜೋಡಿಗೆ ಇಂದು ಅವರದೇ ಹೆಸರು. ನಾಲ್ಕು ವರ್ಷಗಳ ನಂತರ ಜರ್ಮನಿಯ ಕಾರ್ಲ್ ವಾಗ್ನರ್ ಮತ್ತು ವಾಲ್ಟರ್ ಶಾಟ್ಕಿ ಇದನ್ನು ಉಷ್ಣಗತಿಶಾಸ್ತ್ರದ ಬಿಗಿ ಚೌಕಟ್ಟಿಗೆ ತಂದರು. ಪರಮಾಣು ಸಂದಿಗೆ ಹೋಗದೆ ಮೇಲ್ಮೈಗೆ ಹೋಗಿ, ಬರಿಯ ಖಾಲಿ ಸ್ಥಾನ ಉಳಿಯುವ ಬಗೆಗೆ ಶಾಟ್ಕಿಯ ಹೆಸರು ನಿಂತಿತು.

ಅವರ ವಾದದ ಜೀವಾಳ ಎಣಿಕೆ. ಕಾಲೇಜು ಪುಸ್ತಕಗಳು ಎಂಟ್ರೊಪಿ ಎಂದರೆ ಅವ್ಯವಸ್ಥೆ ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸಿಬಿಡುತ್ತವೆ. ಅದರಿಂದ ಆಗಿರುವ ಗೊಂದಲ ಅಷ್ಟಿಷ್ಟಲ್ಲ. ಎಂಟ್ರೊಪಿ ಹೇಳುವುದು, ಒಂದು ಸ್ಥಿತಿಯನ್ನು ಎಷ್ಟು ವಿಧಗಳಲ್ಲಿ ಏರ್ಪಡಿಸಬಹುದು ಎಂಬುದನ್ನು. ಹತ್ತು ಲಕ್ಷ ಸ್ಥಾನಗಳ ಪುಟ್ಟ ಹರಳೊಂದನ್ನು ತೆಗೆದುಕೊಳ್ಳಿ. ಎಲ್ಲ ಸ್ಥಾನಗಳೂ ತುಂಬಿರಬೇಕೆಂದರೆ ಏರ್ಪಾಡು ಒಂದೇ. ಒಂದು ಸ್ಥಾನ ಖಾಲಿ ಇರಬಹುದು ಎಂದರೆ ಹತ್ತು ಲಕ್ಷ ಏರ್ಪಾಡುಗಳು. ಎರಡು ಖಾಲಿ ಇರಬಹುದು ಎಂದರೆ ಸುಮಾರು 50 ಸಾವಿರ ಕೋಟಿ. ಪ್ರಕೃತಿಗೆ ಪರಿಪೂರ್ಣತೆಯ ಮೇಲೆ ಹಗೆಯೇನಿಲ್ಲ. ಪರಿಪೂರ್ಣವಾಗಿರುವ ದಾರಿ ಒಂದೇ ಇದೆ, ಊನವಾಗಿರುವ ದಾರಿಗಳು ಎಣಿಕೆಗೆ ಸಿಗದಷ್ಟಿವೆ, ಅಷ್ಟೇ.

ಹಾಗಾದರೆ ಹರಳು ಪೂರ್ತಿ ಚೂರುಚೂರಾಗಿ ಚದುರಿಹೋಗಬೇಕಿತ್ತಲ್ಲ? ಇಲ್ಲ, ಏಕೆಂದರೆ ಪ್ರತಿ ಖಾಲಿ ಸ್ಥಾನಕ್ಕೂ ಶಕ್ತಿ ತೆರಬೇಕು. ನೆರೆಯವುಗಳೊಂದಿಗಿನ ಬಂಧ ಕಡಿದುಕೊಂಡು ಬರಬೇಕಾದ ಅಲ್ಯೂಮಿನಿಯಂ ಪರಮಾಣುವಿಗೆ ಆ ಬೆಲೆ ಎಲೆಕ್ಟ್ರಾನ್ ವೋಲ್ಟಿನ ಮೂರರಲ್ಲಿ ಎರಡು ಪಾಲಿನಷ್ಟು. ತಾಮ್ರದಲ್ಲಿ ಅದರ ಇಮ್ಮಡಿಗೆ ಹತ್ತಿರ. ಕೋಣೆಯ ತಾಪದಲ್ಲಿ ಉಷ್ಣ ಕೈಗೆ ಕೊಡುವ ಸರಾಸರಿ ಮೊತ್ತ 0.026 ಎಲೆಕ್ಟ್ರಾನ್ ವೋಲ್ಟ್ ಮಟ್ಟದ್ದು. ಅಂದರೆ ಬೆಲೆ ಕೈಯಲ್ಲಿರುವುದರ ಇಪ್ಪತ್ತೈದು ಪಟ್ಟು. ಆದರೂ ಕೋಟಿ ಕೋಟಿ ಪರಮಾಣುಗಳಲ್ಲಿ ಯಾವುದೋ ಒಂದಕ್ಕೆ ಆ ಕ್ಷಣ ಅಷ್ಟು ಶಕ್ತಿ ಒದಗಿರುತ್ತದೆ. ಖರ್ಚಾಗುವ ಶಕ್ತಿಯಿಂದ, ತಾಪ ಮತ್ತು ಎಂಟ್ರೊಪಿಯ ಗುಣಲಬ್ಧವನ್ನು ಕಳೆದರೆ ಬರುವುದು ಮುಕ್ತ ಶಕ್ತಿ. ಅದು ಎಲ್ಲಿ ಕನಿಷ್ಠವೋ ಅಲ್ಲಿ ಹರಳು ನಿಲ್ಲುತ್ತದೆ. ಮೊದಲ ಖಾಲಿ ಸ್ಥಾನದಿಂದ ಎಂಟ್ರೊಪಿಗೆ ಆಗುವ ಲಾಭ ಬಹಳ ದೊಡ್ಡದು, ಆಮೇಲೆ ಬರುವ ಒಂದೊಂದರಿಂದಲೂ ಲಾಭ ಇಳಿಯುತ್ತ ಹೋಗುತ್ತದೆ, ಬೆಲೆ ಮಾತ್ರ ಅಷ್ಟೇ. ಎರಡೂ ಸರಿದೂಗಿದಲ್ಲಿ ಸಂಖ್ಯೆ ನಿಗದಿ. ಕೈಗೆ ಹಿಡಿಯುವಷ್ಟು ದೊಡ್ಡ ಹರಳಿನಲ್ಲಿ ಆ ಸಂಖ್ಯೆ ಸೊನ್ನೆಯಾಗಬೇಕೆಂದರೆ ತಾಪ ನಿರಪೇಕ್ಷ ಸೊನ್ನೆಯತ್ತ ಇಳಿಯಬೇಕು.

ಈ ಸರಿದೂಗಿಸುವಿಕೆ ಘಾತೀಯವಾದ್ದರಿಂದ ತಾಪ ತುಸು ಏರಿದರೂ ಸಂಖ್ಯೆ ಜಿಗಿಯುತ್ತದೆ. ಕೋಣೆಯ ತಾಪದ ಅಲ್ಯೂಮಿನಿಯಂನಲ್ಲಿ ಲಕ್ಷ ಕೋಟಿ ಸ್ಥಾನಗಳಿಗೆ ಬೆರಳೆಣಿಕೆಯಷ್ಟೋ ಹತ್ತಿಪ್ಪತ್ತೋ ಖಾಲಿ ಇರಬೇಕು. ಕೆಲ್ವಿನ್ ಮಾನದಲ್ಲಿ ತಾಪ ಮೂರು ಪಟ್ಟಾಗಿ ಕರಗುವ ಬಿಂದು ಮುಟ್ಟುವಷ್ಟರಲ್ಲಿ ಅದು ಸಾವಿರಕ್ಕೊಂದು. ತಾಪ ಮೂರು ಪಟ್ಟು, ಐಬು ಕೋಟಿಗಟ್ಟಲೆ ಪಟ್ಟು.

ಅಳೆದವರು

ವಾದವೇನೋ ಚೊಕ್ಕವಾಗಿತ್ತು; ಕಣ್ಣಿಗೆ ಕಾಣದ ಖಾಲಿ ಸ್ಥಾನವನ್ನು ಎಣಿಸುವುದು ಹೇಗೆ? ಮೂರು ದಶಕಗಳ ಕಾಲ ಸಿಕ್ಕಿದ್ದೆಲ್ಲ ಪರೋಕ್ಷ ಸಾಕ್ಷ್ಯ. ಕಾದ ತಂತಿಯನ್ನು ತಟ್ಟನೆ ತಣಿಸಿದರೆ ವಿದ್ಯುತ್ ರೋಧ ಹೆಚ್ಚುತ್ತದೆ, ಆದ್ದರಿಂದ ಒಳಗೆ ಏನೋ ಇದೆ ಎಂಬಂಥವು. ಆ ‘ಏನೋ’ ಖಾಲಿ ಸ್ಥಾನವೋ, ಸಂದಿಗೆ ಸಿಕ್ಕ ಪರಮಾಣುವೋ ಎಂಬುದು ಅದರಿಂದ ಇತ್ಯರ್ಥವಾಗುತ್ತಿರಲಿಲ್ಲ.

1960ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರಾಲ್ಫ್ ಸಿಮನ್ಸ್ ಮತ್ತು ರಾಬರ್ಟ್ ಬಲ್ಲುಫಿ, ಮೊದಲಿಗೆ ಹೇಳಿದ ಆ ಸರಳಿನ ಪ್ರಯೋಗವನ್ನು ನಿಜಕ್ಕೂ ಮಾಡಿದರು. 229 ಡಿಗ್ರಿಯಿಂದ 656 ಡಿಗ್ರಿವರೆಗೆ ಅಲ್ಯೂಮಿನಿಯಂ ಸರಳನ್ನು ಕಾಯಿಸುತ್ತ, ಸೂಕ್ಷ್ಮದರ್ಶಕಗಳ ಜೋಡಿಯಿಂದ ಅದರ ಉದ್ದವನ್ನೂ ಎಕ್ಸ್-ಕಿರಣದಿಂದ ಒಳಗಿನ ಅಂತರವನ್ನೂ ಒಟ್ಟೊಟ್ಟಿಗೆ ಅಳೆದರು. ಬೇಕಿದ್ದ ನಿಖರತೆ ಲಕ್ಷದಲ್ಲಿ ಒಂದು ಪಾಲಿನದು. ಸರಳು ಬೆಳೆದ ಪ್ರಮಾಣದಿಂದ ಅಂತರ ಬೆಳೆದ ಪ್ರಮಾಣವನ್ನು ಕಳೆದು ಮೂರರಿಂದ ಗುಣಿಸಿದರೆ ಖಾಲಿ ಸ್ಥಾನಗಳ ಪಾಲು ಸಿಗುತ್ತದೆ. ಮೂರು ಏಕೆಂದರೆ ಸರಳು ಮೂರೂ ದಿಕ್ಕಿಗೆ ಬೆಳೆಯುತ್ತದೆ.

ಈ ಪ್ರಯೋಗದಲ್ಲಿ ನನಗೆ ಬಹಳ ಹಿಡಿಸುವುದು, ಉತ್ತರ ಅಂಕಿಯಲ್ಲಿರುವುದಕ್ಕಿಂತ ಮೊದಲು ಅದರ ಚಿಹ್ನೆಯಲ್ಲಿದೆ ಎಂಬುದು. ಹೊಸ ಸ್ಥಾನಗಳು ಹುಟ್ಟಿದ್ದರೆ ಸರಳಿನ ಉದ್ದ ಮುಂದೆ, ಎಕ್ಸ್-ಕಿರಣದ ಲೆಕ್ಕ ಹಿಂದೆ. ಮೇಲ್ಮೈಯ ಪರಮಾಣುಗಳು ಒಳಗಿನ ಸಂದಿಗಳಿಗೆ ನುಸುಳಿದ್ದರೆ ತದ್ವಿರುದ್ಧ. ಖಾಲಿ ಸ್ಥಾನದ ಸುತ್ತಲಿನ ಪರಮಾಣುಗಳು ಒಳಕ್ಕೆ ವಾಲಿದರೂ ಹೊರಕ್ಕೆ ಸರಿದರೂ ಎರಡು ಅಳತೆಗಳಲ್ಲೂ ಒಂದೇ ಥರ ಸೇರುವುದರಿಂದ ಕಳೆದಾಗ ಹೊರಟುಹೋಗುತ್ತದೆ. ಊಹೆಯ ಮೇಲೆ ನಿಂತ ಸಿದ್ಧಾಂತ ಯಾವುದೂ ಬೇಡ, ಒಂದು ವ್ಯವಕಲನ ಸಾಕು. ಫಲಿತಾಂಶ ಖಾಲಿ ಸ್ಥಾನಗಳ ಕಡೆಗೇ ಬಂತು: ಕರಗುವ ಬಿಂದುವಿನಲ್ಲಿ ಹತ್ತು ಸಾವಿರಕ್ಕೆ ಒಂಬತ್ತು. ಆಮೇಲೆ ಅವರೇ ಬೆಳ್ಳಿ, ಚಿನ್ನ, ತಾಮ್ರಗಳನ್ನೂ ಅಳೆದರು. ಚಿನ್ನದಲ್ಲಿ ಹತ್ತು ಸಾವಿರಕ್ಕೆ ಏಳು, ತಾಮ್ರದಲ್ಲಿ ಎರಡು. ಅಕ್ಕಸಾಲಿಗನ ಮೂಸೆಯಲ್ಲಿ ಇನ್ನೇನು ಕರಗಬೇಕು ಎನ್ನುವ ಅಪರಂಜಿಯಲ್ಲೂ ಅಷ್ಟು ಸ್ಥಾನಗಳು ಬರಿದು.

ಇಷ್ಟು ಕಡಿಮೆ ಸಂಖ್ಯೆಯಿಂದ ಏನಾಗುತ್ತದೆ ಎನ್ನುವವರಿಗೆ, ಜಾತ್ರೆಗಳಲ್ಲಿ ಮಾರುತ್ತಿದ್ದ ಅಂಕಿ ಜರುಗಿಸುವ ಪ್ಲಾಸ್ಟಿಕ್ ಆಟಿಕೆ ನೆನಪಿರಬಹುದು. ಹದಿನಾರು ಮನೆ, ಹದಿನೈದು ಬಿಲ್ಲೆ. ಆ ಒಂದು ಖಾಲಿ ಮನೆ ಇರುವುದರಿಂದಲೇ ಬಿಲ್ಲೆಗಳು ಜರುಗುತ್ತವೆ. ಅದನ್ನೂ ತುಂಬಿಬಿಟ್ಟರೆ ಯಾವುದೂ ಮಿಸುಕುವುದಿಲ್ಲ. ಲೋಹದೊಳಗೆ ಪರಮಾಣುಗಳು ಸಂಚರಿಸುವುದೂ ಹೀಗೆಯೇ. ಇದು ಈಗ ಸರ್ವಸಮ್ಮತ, ಆದರೆ 1940ರ ದಶಕದಲ್ಲಿ ಹಾಗಿರಲಿಲ್ಲ. ಪಕ್ಕಪಕ್ಕದ ಎರಡು ಪರಮಾಣುಗಳು ನೇರವಾಗಿ ಜಾಗ ಅದಲುಬದಲು ಮಾಡಿಕೊಳ್ಳುತ್ತವೆ ಎಂದು ಘಟಾನುಘಟಿಗಳು ನಂಬಿದ್ದರು.

ಡೆಟ್ರಾಯಿಟ್‌ನ ವೇನ್ ವಿಶ್ವವಿದ್ಯಾಲಯದಲ್ಲಿ ಅರ್ನೆಸ್ಟ್ ಕರ್ಕೆಂಡಾಲ್ ಮತ್ತು ಅವರ ವಿದ್ಯಾರ್ಥಿನಿ ಆಲಿಸ್ ಸ್ಮಿಗೆಲ್ಸ್ಕಸ್ ಒಂದು ಹಿತ್ತಾಳೆ ಗಟ್ಟಿಯ ಮೇಲೆ ಮಾಲಿಬ್ಡಿನಂ ತಂತಿಗಳನ್ನಿಟ್ಟು, ಅದರ ಸುತ್ತ ತಾಮ್ರದ ಕವಚ ಕೂರಿಸಿದರು. ಮಾಲಿಬ್ಡಿನಂ ಇವೆರಡರಲ್ಲೂ ಬೆರೆಯದೆ ಗುರುತುಕಲ್ಲಾಗಿ ಉಳಿಯುತ್ತದೆ. 785 ಡಿಗ್ರಿಯಲ್ಲಿ 56 ದಿನಗಳವರೆಗೆ ಕಾಯಿಸಿ ನೋಡಿದರೆ ಎರಡು ಬದಿಯ ತಂತಿಗಳು ಪರಸ್ಪರ ಹತ್ತಿರ ಸರಿದಿದ್ದವು. ಅಂದರೆ ಹಿತ್ತಾಳೆಯೊಳಗಿನ ಸತುವು ಹೊರಗೆ ಹೋದಷ್ಟು ತಾಮ್ರ ಒಳಗೆ ಬಂದಿಲ್ಲ. ಅದಲುಬದಲು ನಡೆಯುತ್ತಿದ್ದರೆ ಹೋದಷ್ಟೇ ಬರಬೇಕಿತ್ತು. ಪರಮಾಣುಗಳು ಖಾಲಿ ಸ್ಥಾನಗಳಿಗೆ ಹಾರಿ ಚಲಿಸುತ್ತವೆ, ಸತುವು ತಾಮ್ರಕ್ಕಿಂತ ಚುರುಕಾಗಿ ಹಾರುತ್ತದೆ ಎಂದರೆ ಮಾತ್ರ ಇದು ಸರಿಹೊಂದುತ್ತದೆ. 1947ರಲ್ಲಿ ಲೇಖನ ಬಂದಾಗ, ಆ ಕ್ಷೇತ್ರದ ಹಿರಿತಲೆ ರಾಬರ್ಟ್ ಮೆಹ್ಲ್ ಒಪ್ಪಲಿಲ್ಲ. ಇತರರು ಬೇರೆ ಬೇರೆ ಲೋಹಜೋಡಿಗಳಲ್ಲಿ ಅದೇ ಫಲ ಕಂಡ ಮೇಲೆ ಒಪ್ಪಬೇಕಾಯಿತು. ಕರ್ಕೆಂಡಾಲ್ ಅಷ್ಟರಲ್ಲಿ ಸಂಶೋಧನೆ ಬಿಟ್ಟು ವೃತ್ತಿಸಂಘದ ಆಡಳಿತಕ್ಕೆ ಹೊರಟುಹೋಗಿದ್ದರು. ಎಲೆಕ್ಟ್ರಾನಿಕ್ ಚಿಪ್ಪುಗಳಲ್ಲಿ ಚಿನ್ನದ ತಂತಿಯನ್ನು ಅಲ್ಯೂಮಿನಿಯಂಗೆ ಬೆಸೆದ ಜಾಗದಲ್ಲಿ ಕಾಲಾಂತರದಲ್ಲಿ ಮೂಡುವ ಪೊಳ್ಳುಗಳಿಗೆ ಇಂದಿಗೂ ಎಂಜಿನಿಯರುಗಳು ಅವರ ಹೆಸರೇ ಹೇಳುತ್ತಾರೆ.

ಐಸ್‌ಪೆಟ್ಟಿಗೆಯ ರಿವೆಟ್ಟು

ನಿಯಮ ಚರಿತ್ರೆಯಾಗುವ ಬಗೆಯನ್ನು ವಿಮಾನ ಕಟ್ಟುವವರ ಕೆಲಸದ ಕೋಣೆಯಲ್ಲಿ ನೋಡಬೇಕು. ವಿಮಾನದ ಹಾಳೆಗಳನ್ನು ಜೋಡಿಸುವ ಒಂದು ಬಗೆಯ ರಿವೆಟ್ಟು ಅಲ್ಯೂಮಿನಿಯಂಗೆ ತಾಮ್ರ, ಮೆಗ್ನೀಸಿಯಂ ಬೆರೆಸಿದ 2024 ಸಂಖ್ಯೆಯ ಮಿಶ್ರಲೋಹದ್ದು. ಅದನ್ನು 500 ಡಿಗ್ರಿಯ ಸಮೀಪ ಕಾಯಿಸಿ ತಣ್ಣೀರಿಗೆ ಅದ್ದುತ್ತಾರೆ. ಅದ್ದಿದ ಕೂಡಲೇ ಅದು ಮೆತ್ತಗಿರುತ್ತದೆ, ಸುತ್ತಿಗೆಯ ಪೆಟ್ಟಿಗೆ ಚೆನ್ನಾಗಿ ಬಗ್ಗುತ್ತದೆ. ಹಾಗೇ ಮೇಜಿನ ಮೇಲೆ ಬಿಟ್ಟರೆ ತಾನಾಗಿಯೇ ಗಡುಸಾಗತೊಡಗುತ್ತದೆ. ಹತ್ತಿಪ್ಪತ್ತು ನಿಮಿಷ ಮೀರಿದರೆ ಬಡಿಯುವಾಗ ಸೀಳುಬಿಡುವ ಭಯ. ಹಾಗಾಗಿ ಅದ್ದಿದ ತಕ್ಷಣ ಫ್ರೀಜರಿಗೆ ಸೇರಿಸುತ್ತಾರೆ, ಬೇಕಾದಾಗ ಬೇಕಾದಷ್ಟೇ ಹೊರಗೆ ತೆಗೆದು ಬಡಿಯುತ್ತಾರೆ. ವರ್ಕ್‌ಶಾಪಿನವರ ಬಾಯಲ್ಲಿ ಅದು ‘ಐಸ್‌ಬಾಕ್ಸ್ ರಿವೆಟ್’.

ಈ ಗುಣ ಮೊದಲು ಕಂಡದ್ದು 1906ರ ಸುಮಾರಿಗೆ, ಬರ್ಲಿನ್ ಬಳಿ ಕೆಲಸ ಮಾಡುತ್ತಿದ್ದ ಆಲ್ಫ್ರೆಡ್ ವಿಲ್ಮ್ ಅವರಿಗೆ. ಶನಿವಾರ ತಣಿಸಿಟ್ಟ ತುಂಡು ಸೋಮವಾರ ಅಳೆದಾಗ ಇನ್ನಷ್ಟು ಗಡುಸಾಗಿತ್ತು ಎಂಬುದು ಲೋಹಶಾಸ್ತ್ರದ ತರಗತಿಗಳಲ್ಲಿ ಹೇಳುವ ಕಥೆ. ಡ್ಯುರಾಲುಮಿನ್ ಎಂಬ ಮಿಶ್ರಲೋಹ ಹುಟ್ಟಿದ್ದು ಹಾಗೆ, ಜೆಪ್ಪೆಲಿನ್ ವಾಯುನೌಕೆಗಳ ಅಸ್ಥಿಪಂಜರ ಆಗಿದ್ದೂ ಅದೇ. ತಾಮ್ರದ ಪರಮಾಣುಗಳು ಅಲ್ಲಲ್ಲಿ ಗುಂಪುಗೂಡಿ ಲೋಹವನ್ನು ಗಡುಸಾಗಿಸುತ್ತವೆ ಎಂದು 1938ರಲ್ಲಿ ಫ್ರಾನ್ಸಿನ ಗೀನಿಯೆ ಮತ್ತು ಬ್ರಿಟನ್ನಿನ ಪ್ರೆಸ್ಟನ್ ಬೇರೆ ಬೇರೆಯಾಗಿ ಎಕ್ಸ್-ಕಿರಣದಿಂದ ತೋರಿಸಿದರು. ಆದರೂ ಒಂದು ಒಗಟು ಉಳಿಯಿತು. ಕೋಣೆಯ ತಾಪದಲ್ಲಿ ಅಲ್ಯೂಮಿನಿಯಂನೊಳಗೆ ತಾಮ್ರ ಇಷ್ಟು ಬೇಗ ಚಲಿಸಲಾರದು. ನಿಮಿಷಗಳಲ್ಲಿ ಆಗುತ್ತಿರುವುದಕ್ಕೆ ಲೆಕ್ಕದ ಪ್ರಕಾರ ಯುಗಗಳೇ ಹಿಡಿಯಬೇಕು.

ಉತ್ತರ ಆ ತಣ್ಣೀರಿನಲ್ಲಿದೆ. 500 ಡಿಗ್ರಿಯಲ್ಲಿ ಹತ್ತು ಸಾವಿರಕ್ಕೊಂದರಷ್ಟು ಸ್ಥಾನಗಳು ಖಾಲಿ ಇರುವುದು ನಿಯಮ. ನಿಧಾನವಾಗಿ ತಣಿಸಿದ್ದರೆ ಅವು ಒಂದೊಂದಾಗಿ ಮೇಲ್ಮೈ ಸೇರಿ ಇಲ್ಲವಾಗುತ್ತಿದ್ದವು. ತಟ್ಟನೆ ಅದ್ದಿದಾಗ ಅವಕ್ಕೆ ಹೊರಹೋಗಲು ಪುರಸೊತ್ತಿಲ್ಲ. ಕೋಣೆಯ ತಾಪಕ್ಕೆ ಸಲ್ಲಬೇಕಾದುದಕ್ಕಿಂತ ಕೋಟಿ ಪಟ್ಟಿನ ಆಸುಪಾಸು ಹೆಚ್ಚು ಖಾಲಿ ಸ್ಥಾನಗಳು ಒಳಗೆ ಸಿಕ್ಕಿಬೀಳುತ್ತವೆ, ತಾಮ್ರ ಅವುಗಳನ್ನೇ ಏರಿ ಓಡಾಡುತ್ತದೆ. ಫ್ರೀಜರ್ ಮಾಡುವುದು ಒಂದೇ ಕೆಲಸ: ಖಾಲಿ ಸ್ಥಾನದಿಂದ ಖಾಲಿ ಸ್ಥಾನಕ್ಕೆ ನಡೆಯುವ ಆ ಹಾರಾಟವನ್ನು ನಿಧಾನಗೊಳಿಸುವುದು. ಒಂದು ತಾಪದ ನ್ಯಾಯವನ್ನು ಇನ್ನೊಂದು ತಾಪಕ್ಕೆ ಕದ್ದು ತಂದದ್ದರಿಂದ ವಿಮಾನ ಗಟ್ಟಿಯಾಗಿದೆ.

ಖಾಲಿ ಸ್ಥಾನಕ್ಕಿಂತ ಪೂರ್ತಿ ಬೇರೆ ಜಾತಿಯ ಐಬು ಡಿಸ್‌ಲೊಕೇಶನ್. ಖಾಲಿ ಸ್ಥಾನ ಒಂದು ಬಿಂದುವಾದರೆ ಇದು ರೇಖೆ. ಹರಳಿನೊಳಗೆ ಪರಮಾಣುಗಳ ಒಂದು ಪದರ ಅರ್ಧಕ್ಕೇ ನಿಂತುಹೋದರೆ ಆ ಅಂಚಿನುದ್ದಕ್ಕೂ ಇರುವ ಅಸ್ತವ್ಯಸ್ತ ಎಳೆ. ಪರಿಪೂರ್ಣ ಹರಳನ್ನು ಜಾರಿಸಿ ಬಗ್ಗಿಸಲು ಎಷ್ಟು ಬಲ ಬೇಕೆಂದು 1926ರಲ್ಲೇ ಫ್ರೆಂಕೆಲ್ ಲೆಕ್ಕ ಹಾಕಿದ್ದರು. ನಿಜವಾದ ಲೋಹದ ಹರಳುಗಳು ಅದರ ಸಾವಿರದ ಒಂದು ಪಾಲಿಗೂ ಕಡಿಮೆ ಬಲಕ್ಕೆ ಬಗ್ಗುತ್ತಿದ್ದವು. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ತಂತಮ್ಮ ದಾರಿಯಲ್ಲಿ ಹೊರಟು ಡಿಸ್‌ಲೊಕೇಶನ್ನಿಗೆ ಬಂದು ಮುಟ್ಟಿದರು. ಇಡೀ ಪದರ ಒಟ್ಟಿಗೆ ಜಾರಬೇಕಿಲ್ಲ, ಈ ಎಳೆ ಸರಿದುಹೋದರೆ ಸಾಕು.

ಉಷ್ಣಗತಿಶಾಸ್ತ್ರ ಇದಕ್ಕೆ ಅನುಮತಿ ಕೊಡುವುದೇ ಇಲ್ಲ. ಈ ಎಳೆಯ ಒಂದೊಂದು ಪರಮಾಣುವಿನ ಉದ್ದಕ್ಕೂ ಹಲವು ಎಲೆಕ್ಟ್ರಾನ್ ವೋಲ್ಟ್ ಬೇಕು. ಮಿಲಿಮೀಟರಿನ ಸಾವಿರದ ಒಂದು ಪಾಲಿನ ಎಳೆಗೇ ಇಪ್ಪತ್ತು ಸಾವಿರ ಮೀರುತ್ತದೆ. ಅತ್ತ ಲಾಭವೂ ಇಲ್ಲ. ಸಾವಿರಾರು ಪರಮಾಣುಗಳು ಒಂದೇ ಎಳೆಯಲ್ಲಿ ಕೂಡಿಕೊಂಡಿರುವುದರಿಂದ ಏರ್ಪಾಡುಗಳ ಸಂಖ್ಯೆ ಬೆಳೆಯುವುದಿಲ್ಲ. ಯಾವ ತಾಪದಲ್ಲೂ ಸಮತೋಲದ ಹರಳಿನಲ್ಲಿ ಒಂದೂ ಡಿಸ್‌ಲೊಕೇಶನ್ ಇರಕೂಡದು. ಆದರೆ ಚೆನ್ನಾಗಿ ಲಟ್ಟಿಸಿದ ಲೋಹದ ಒಂದು ಘನ ಸೆಂಟಿಮೀಟರಿನಲ್ಲಿರುವ ಡಿಸ್‌ಲೊಕೇಶನ್ ಎಳೆಗಳನ್ನೆಲ್ಲ ಬಿಡಿಸಿ ಸಾಲಾಗಿ ಜೋಡಿಸಿದರೆ ಒಂದು ಕೋಟಿ ಕಿಲೋಮೀಟರ್ ಆಗಬಹುದು, ಚಂದ್ರನಿರುವ ದೂರದ ಇಪ್ಪತ್ತೈದು ಪಟ್ಟು. ಇವೆಲ್ಲ ಬಡಿತ, ಎಳೆತಗಳ ಶೇಷ. ಹಿತ್ತಾಳೆ ಪಾತ್ರೆಯನ್ನು ತಟ್ಟಿ ತಟ್ಟಿ ಗಡುಸು ಮಾಡುವಾಗ ಕಂಚುಗಾರ ಹೆಣೆಯುವುದು ಇಂಥ ಎಳೆಗಳನ್ನೇ. ನಡುನಡುವೆ ಕಾಯಿಸುವುದು ಅವುಗಳಲ್ಲಿ ಬಹುಪಾಲನ್ನು ಅಳಿಸುವುದಕ್ಕೆ.

ಈ ವ್ಯತ್ಯಾಸ ಬರೀ ಪುಸ್ತಕದ್ದಲ್ಲ ಎಂಬುದಕ್ಕೆ ಸಿಲಿಕಾನ್ ಸಾಕ್ಷಿ. 1950ರ ದಶಕದ ಕೊನೆಗೆ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ವಿಲಿಯಂ ಡ್ಯಾಶ್, ಕರಗಿದ ಸಿಲಿಕಾನಿನಿಂದ ಹರಳನ್ನು ಮೇಲೆಳೆಯುವಾಗ ಮೊದಲು ಸಪೂರ ಕುತ್ತಿಗೆಯಂತೆ ಎಳೆದರು. ಬೀಜದ ಹರಳಿನಿಂದ ಬಂದ ಡಿಸ್‌ಲೊಕೇಶನ್ನುಗಳು ಆ ಸಪೂರ ಭಾಗದಲ್ಲೇ ಬದಿಗೆ ಹೋಗಿ ಮುಗಿದುಹೋದವು. ಆಮೇಲೆ ದಪ್ಪಗೆ ಬೆಳೆಸಿದ ಹರಳಿನಲ್ಲಿ ಒಂದೂ ಇಲ್ಲ. ಇಂದು 300 ಮಿಲಿಮೀಟರ್ ಅಡ್ಡಳತೆಯ ಬಿಲ್ಲೆಗಳನ್ನು ಕೊಯ್ಯುವ ದೈತ್ಯ ಹರಳುಗಳೂ ಹೀಗೆಯೇ ಡಿಸ್‌ಲೊಕೇಶನ್-ರಹಿತ. ಚರಿತ್ರೆಯನ್ನು ಒರೆಸಬಹುದು. ಖಾಲಿ ಸ್ಥಾನಗಳ ವಿಷಯಕ್ಕೆ ಬಂದರೆ ಆ ಉದ್ಯಮಕ್ಕೆ ಅಂಥ ಗೆಲುವು ಸಿಗಲಿಲ್ಲ. 1414 ಡಿಗ್ರಿಯಲ್ಲಿ ಸಿಲಿಕಾನ್ ಗಟ್ಟಿಯಾಗುವಾಗ ಕೋಟಿಗಟ್ಟಲೆ ಪರಮಾಣುಗಳಿಗೊಂದು ಖಾಲಿ ಸ್ಥಾನ, ಅದರ ಜೊತೆಗೆ ಸಂದಿಯ ಪರಮಾಣುಗಳು ಇದ್ದೇ ಇರುತ್ತವೆ. ತಣಿಯುತ್ತ ಬಂದಂತೆ ಖಾಲಿ ಸ್ಥಾನಗಳು ಕೂಡಿ ಪೊಳ್ಳುಗಳಾಗುತ್ತವೆ. ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನಷ್ಟು ಚಿಕ್ಕವು, ಆದರೆ ಚಿಪ್ಪಿನ ಟ್ರಾನ್ಸಿಸ್ಟರು ಕೆಡಲು ಅಷ್ಟು ಸಾಕು. 1982ರಲ್ಲಿ ಸೋವಿಯತ್ ವಿಜ್ಞಾನಿ ವೊರೊಂಕೊವ್ ದಾರಿ ತೋರಿಸಿದರು. ಹರಳನ್ನು ಎಳೆಯುವ ವೇಗ ಮತ್ತು ಅದರೊಳಗಿನ ತಾಪದ ಇಳಿಜಾರು, ಇವುಗಳ ಅನುಪಾತ ಒಂದು ಮಿತಿ ಮೀರಿದರೆ ಖಾಲಿ ಸ್ಥಾನಗಳು ಉಳಿಯುತ್ತವೆ, ಮಿತಿಗಿಂತ ಕೆಳಗಿದ್ದರೆ ಸಂದಿಯ ಪರಮಾಣುಗಳು. ಸರಿಯಾಗಿ ಆ ಮಿತಿಯ ಮೇಲೇ ಎಳೆದರೆ ಎರಡೂ ಒಂದನ್ನೊಂದು ನುಂಗಿಕೊಳ್ಳುತ್ತವೆ. ನಿಯಮದ ವಿರುದ್ಧ ಹೋಗಲಿಲ್ಲ, ಎರಡು ನಿಯಮಬದ್ಧ ಐಬುಗಳನ್ನು ಪರಸ್ಪರ ಎತ್ತಿಕಟ್ಟಿದರು.

ವಜ್ರದ ವಿಷಯ ಇನ್ನೂ ವಿಚಿತ್ರ, ಅದು ನಮ್ಮ ಬೆಂಗಳೂರಿಗೆ ಬರುತ್ತದೆ. 1940ರಲ್ಲಿ ಅನ್ನಾ ಮಣಿ ಎಂಬ ತರುಣಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯ ಸೇರಿದರು. ಮುಂದೆ ದೇಶದ ಹವಾಮಾನ ಉಪಕರಣಗಳಿಗೆ ಬುನಾದಿ ಹಾಕಿದ ಅದೇ ಅನ್ನಾ ಮಣಿ. ಅವರಿಗೆ ಒಪ್ಪಿಸಿದ ಕೆಲಸ, ರಾಮನ್ ಸಂಗ್ರಹದ ಮೂವತ್ತಕ್ಕೂ ಹೆಚ್ಚು ವಜ್ರಗಳು ಸೂಸುವ ಬೆಳಕಿನ ರೋಹಿತ ಹಿಡಿಯುವುದು. ವಜ್ರವನ್ನು ದ್ರವವಾಯುವಿನ ಚಳಿಯಲ್ಲಿಟ್ಟು ಬೆಳಕು ಹಾಯಿಸಿದರೆ ಕೆಲವು ನೀಲಿಯಾಗಿ, ಕೆಲವು ಹಸಿರಾಗಿ ಮಿನುಗುತ್ತವೆ. ಆ ಮಿನುಗು ಎಷ್ಟು ಕ್ಷೀಣವೆಂದರೆ ಒಂದು ಫೋಟೊ ಫಲಕದಲ್ಲಿ ರೋಹಿತ ಮೂಡಲು ಹದಿನೈದು ಇಪ್ಪತ್ತು ಗಂಟೆ ಬೇಕಾಗುತ್ತಿತ್ತು. ಅಂಥ ಫಲಕದ ಮೇಲೆ ಬೆಳಕು ದಾಖಲಾಗುವುದೇ ಬೆಳ್ಳಿಯ ಬ್ರೋಮೈಡ್ ಹರಳುಗಳ ಸಂದಿಗಳಲ್ಲಿ ಅಲೆಯುವ ಬೆಳ್ಳಿ ಅಯಾನುಗಳಿಂದ ಎಂದು ಗರ್ನಿ ಮತ್ತು ಮಾಟ್ 1938ರಲ್ಲಷ್ಟೇ ವಿವರಿಸಿದ್ದರು. ಅದು ಅಪ್ಪಟ ಫ್ರೆಂಕೆಲ್ ಐಬು. ಒಂದು ಹರಳಿನ ಐಬಿನ ಬೆಳಕನ್ನು ಇನ್ನೊಂದು ಹರಳಿನ ಐಬು ಬರೆದಿಡುತ್ತಿತ್ತು.

ಅನ್ನಾ ಮಣಿ ಅಳೆದ ಗೆರೆಗಳಲ್ಲಿ ಎರಡು ಪ್ರಮುಖ: ನೀಲಿಯವುಗಳಲ್ಲಿ 4152 ಆಂಗ್‌ಸ್ಟ್ರಾಂ, ಹಸಿರಿನವುಗಳಲ್ಲಿ 5032. ರಾಮನ್ ಇವನ್ನು ವಜ್ರದ ಮೂಲ ರಚನೆಯಲ್ಲೇ ಇರುವ ನಾಲ್ಕು ಬಗೆಗಳ ಲಕ್ಷಣ ಎಂದು ವಾದಿಸಿದರು, ಕಲ್ಮಶದ ಮಾತನ್ನು ಒಪ್ಪಲಿಲ್ಲ. ಇಲ್ಲಿ ಅವರ ಕಣ್ಣು ಸರಿಯಿತ್ತು, ತರ್ಕ ತಪ್ಪಿತ್ತು. 1959ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕೈಸರ್ ಮತ್ತು ಬಾಂಡ್ ವಜ್ರಗಳಲ್ಲಿ ಸಾರಜನಕ ಇರುವುದನ್ನು ಪತ್ತೆ ಮಾಡಿದರು. ನಂತರದ ದಶಕಗಳಲ್ಲಿ ಆ ಗೆರೆಗಳ ವಿಳಾಸವೂ ಸಿಕ್ಕಿತು. 4152 ಸೂಸುವುದು ಒಂದು ಖಾಲಿ ಸ್ಥಾನವನ್ನು ಸುತ್ತುವರಿದ ಮೂರು ಸಾರಜನಕ ಪರಮಾಣುಗಳು. 5032ಕ್ಕೆ ಕಾರಣ ಎರಡು ಸಾರಜನಕಗಳ ನಡುವಿನ ಖಾಲಿ ಸ್ಥಾನ. ಅನ್ನಾ ಮಣಿ 1945ರಲ್ಲಿ ಸಲ್ಲಿಸಿದ ಪ್ರಬಂಧಕ್ಕೆ ಮದ್ರಾಸು ವಿಶ್ವವಿದ್ಯಾಲಯ, ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಪಿಎಚ್.ಡಿ. ಕೊಡಲಿಲ್ಲ.

ವಜ್ರದಲ್ಲಿ ಖಾಲಿ ಸ್ಥಾನದ ಬೆಲೆ ಆರೇಳು ಎಲೆಕ್ಟ್ರಾನ್ ವೋಲ್ಟ್, ಅಲ್ಯೂಮಿನಿಯಂನ ಹತ್ತು ಪಟ್ಟು. ಭೂಗರ್ಭದ ಸಾವಿರದ ಇನ್ನೂರು ಡಿಗ್ರಿಯಲ್ಲೂ ಉಷ್ಣ ತಾನಾಗಿ ಅದನ್ನು ಕೊಡಲಾರದು. ಆದ್ದರಿಂದ ಆ ಖಾಲಿ ಸ್ಥಾನಗಳು ಬಂದದ್ದು ಸಾರಜನಕದ ಜೊತೆಯಲ್ಲಿ. ವಜ್ರ ಬೆಳೆಯುವಾಗ ಒಂಟಿಯಾಗಿ ಸೇರಿಕೊಂಡ ಸಾರಜನಕ ಪರಮಾಣುಗಳು 150 ಕಿಲೋಮೀಟರಿಗೂ ಮೀರಿದ ಆಳದಲ್ಲಿ ಕೋಟ್ಯಂತರ ವರ್ಷ ಅಲೆದು ಮೊದಲು ಜೋಡಿಯಾಗುತ್ತವೆ. ಬಹಳ ಕಾಲದ ನಂತರ ಒಂದು ಖಾಲಿ ಸ್ಥಾನದ ಸುತ್ತ ನಾಲ್ಕು ಕೂಡಿಕೊಳ್ಳುತ್ತವೆ. ಮೂರರ ಗುಂಪು ಆ ದಾರಿಯಲ್ಲಿ ಅಲ್ಲಲ್ಲಿ ಉಳಿದದ್ದು. ಜೋಡಿಗಳೆಷ್ಟು, ನಾಲ್ಕರ ಗುಂಪುಗಳೆಷ್ಟು ಎಂದು ಅವಕೆಂಪು ಕಿರಣದಿಂದ ಎಣಿಸಿ ಭೂವಿಜ್ಞಾನಿಗಳು ಆ ವಜ್ರ ಎಷ್ಟು ಬಿಸಿಯಲ್ಲಿ ಎಷ್ಟು ಕಾಲ ಇತ್ತೆಂದು ಅಂದಾಜಿಸುತ್ತಾರೆ. ಗುಂಪುಗೂಡುವ ವೇಗ ಇಲ್ಲೂ ತಾಪದೊಂದಿಗೆ ಘಾತೀಯವಾಗಿ ಏರುವುದರಿಂದ, ಕಾಲದ ಊಹೆ ನೂರು ಕೋಟಿ ವರ್ಷ ಆಚೀಚೆ ಆದರೂ ತಾಪದ ಉತ್ತರ ಕೆಲವೇ ಹತ್ತು ಡಿಗ್ರಿಗಳಷ್ಟು ಸರಿಯುತ್ತದೆ. ತಾಪ ಅಷ್ಟೇ ತಪ್ಪಿದರೆ ಕಾಲದ ಲೆಕ್ಕವೆಲ್ಲ ಬುಡಮೇಲು. ಆದ್ದರಿಂದ ವಜ್ರದ ಸಾರಜನಕವನ್ನು ಅವರು ತಾಪಮಾಪಕವಾಗಿ ನಂಬುತ್ತಾರೆ, ಗಡಿಯಾರವಾಗಿ ಅಷ್ಟಾಗಿ ನಂಬುವುದಿಲ್ಲ.